ಕಾಲಕ್ಕಾಗಿ ಓಟ, ಪದಕಕ್ಕಾಗಿ ಓಟ

ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ದೂರದ ಓಟಕ್ಕೆ ಸಿದ್ಧರಾಗುವ ಹೆಣ್ಣುಮಕ್ಕಳು, ತಾವು ಓಡುವುದು ಕಾಲಕ್ಕಾಗಿಯೋ ಸ್ಥಾನಕ್ಕಾಗಿಯೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಕೀನ್ಯಾದ ಬಿಯಾಟ್ರಿಸ್ ಚೆಬೆಟ್ 2024ರ ಮೇ ತಿಂಗಳಲ್ಲಿ 10,000 ಮೀಟರನ್ನು 28 ನಿಮಿಷ 54.14 ಸೆಕೆಂಡುಗಳಲ್ಲಿ, ಎಂದರೆ 400 ಮೀಟರಿನ ಸುತ್ತಿಗೆ ಸರಾಸರಿ 69.4 ಸೆಕೆಂಡಿನಂತೆ ಓಡಿ ವಿಶ್ವದಾಖಲೆ ಬರೆದರು; ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನ ಗೆದ್ದದ್ದು 30 ನಿಮಿಷ 43.25 ಸೆಕೆಂಡುಗಳಲ್ಲಿ, ಕೊನೆಯ ಸುತ್ತಿನ ವೇಗದಿಂದ.

ಕಾಲವೇ ಗುರಿಯಾದರೆ ಸುತ್ತಿನ ಲೆಕ್ಕವನ್ನು ಬಿಡಬೇಡಿ. 5,000 ಮೀಟರನ್ನು 20 ನಿಮಿಷದಲ್ಲಿ ಮುಗಿಸಲು ಪ್ರತಿ ಸುತ್ತಿಗೆ 96 ಸೆಕೆಂಡು ಸಾಕು. ಉತ್ಸಾಹದಲ್ಲಿ ಮೊದಲ ಸುತ್ತನ್ನು 88ಕ್ಕೆ ಓಡಿದವರು ಮೂರನೆಯ ಕಿಲೋಮೀಟರಿನಲ್ಲಿ ಅದರ ಬೆಲೆ ತೆರುತ್ತಾರೆ. ವೇಗ ಹಿಡಿದುಕೊಡಲು ಗೆಳತಿಯೊಬ್ಬಳನ್ನು ಮುಂದೆ ಓಡಿಸಿ.

ಸ್ಥಾನಕ್ಕಾಗಿ ಓಡುವುದು, ನನ್ನ ಅಭಿಪ್ರಾಯದಲ್ಲಿ, ಇನ್ನೂ ಕಷ್ಟದ ವಿದ್ಯೆ. ಒಳಅಂಚಿನಲ್ಲಿ ಸಿಕ್ಕಿಕೊಂಡರೆ ದಾರಿಯಿಲ್ಲ, ಇಡೀ ಸುತ್ತು ಎರಡನೆಯ ಲೇನಿನಲ್ಲಿ ಓಡಿದರೆ ಸುಮಾರು 7 ಮೀಟರ್ ಹೆಚ್ಚು. ಆದ್ದರಿಂದ ಮುಂದಿರುವವಳ ಬಲಭುಜದ ಹಿಂದೆಯೇ ಇದ್ದು, ತಿರುವಿನಲ್ಲಿ ಹಿಂದಿಕ್ಕಲು ಹೋಗದೆ, ನೇರದಾರಿಯಲ್ಲಿ ಒಮ್ಮೆಲೇ ಮುನ್ನುಗ್ಗಿ. ಕುಕ್ಕರಹಳ್ಳಿ ಕೆರೆಯ ಸುತ್ತಿನ ಓಟವನ್ನು ಆಗಾಗ 300 ಮೀಟರ್ ವೇಗದ ಓಟದಿಂದ ಮುಗಿಸಿದರೆ, ದಣಿದ ಕಾಲಿಗೂ ಈ ಅಭ್ಯಾಸ ಬರುತ್ತದೆ.