ದುಡ್ಡು ಕೊಟ್ಟು ತಗೊಳ್ಳೋ ಆರ್ಟಿಕಲ್‌ಗೆ ಟಾಪಿಕ್ ಹುಡುಕೋದು ಹೇಗೆ

ಆರ್ಟಿಕಲ್ ಬರೆದು ಆನ್‌ಲೈನ್‌ನಲ್ಲಿ ಮಾರೋಣ ಅಂತ ಕೂತ್ರೆ ಬರೆಯೋದಕ್ಕಿಂತ ಜಾಸ್ತಿ ತಲೆ ತಿನ್ನೋದು ಏನು ಬರೀಲಿ ಅನ್ನೋದೇ. ನಾನು ಮೊದಮೊದಲು ಬರೆದಿದ್ದು ಟೈಮ್ ಮ್ಯಾನೇಜ್‌ಮೆಂಟ್, ಆಮೇಲೆ ಪಾಸಿಟಿವ್ ಥಿಂಕಿಂಗ್, ಆಮೇಲೆ ಬೆಳಿಗ್ಗೆ ಬೇಗ ಏಳೋದ್ರ ಲಾಭ (ಆಗ ನಾನು ಏಳ್ತಿದ್ದಿದ್ದು ಒಂಬತ್ತಕ್ಕೆ, ಅದು ಬೇರೆ ಮಾತು). ಒಂದೂ ಹೋಗ್ಲಿಲ್ಲ. ಅಂಥವು ಎಲ್ಲಾ ಕಡೆ ಪುಕ್ಕಟೆ ಬಿದ್ದಿರ್ತವೆ, ಹತ್ತರ ಜೊತೆ ಹನ್ನೊಂದನೇದಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳಿ.

ನನಗೆ ತಡವಾಗಿ ತಲೆಗೆ ಹತ್ತಿದ್ದು ಏನಂದ್ರೆ ಓದೋರು ಬೇರೆ, ದುಡ್ಡು ಕೊಡೋರು ಬೇರೆ. ತಗೊಳ್ಳೋದು ಯಾವುದೋ ವೆಬ್‌ಸೈಟ್ ನಡೆಸೋರು, ಕಂಪನಿಯ ಮಾರ್ಕೆಟಿಂಗ್ ನೋಡ್ಕೊಳ್ಳೋರು, ಇಲ್ಲಾ ಎಡಿಟರ್. ಅವರಿಗೆ ಏನೋ ಮಾರೋದಿರುತ್ತೆ, ಗೂಗಲ್‌ನಿಂದ ಜನ ಬರಬೇಕಿರುತ್ತೆ. ಹಾಗಾಗಿ ಟಾಪಿಕ್ ಹೊಳೆದ ತಕ್ಷಣ ಇದನ್ನ ಎಂಥ ಸೈಟ್‌ನವರು ಹಾಕ್ಕೋಬಹುದು ಅಂತ ಮೂರು ಥರದ್ದು ಬರ್ಕೊಳ್ಳಿ, ಮೂರು ಬರಲಿಲ್ಲ ಅಂದ್ರೆ ಆ ಟಾಪಿಕ್ ಬಿಟ್ಬಿಡಿ.

ಒಂದು ಉದಾಹರಣೆ ತಗೊಳ್ಳೋಣ. ವಾಷಿಂಗ್ ಮಷೀನ್ ಮೇಂಟೆನೆನ್ಸ್ ಅಂದ್ರೆ ಸಮುದ್ರ. ಗೂಗಲ್‌ನಲ್ಲಿ ವಾಷಿಂಗ್ ಮಷೀನ್ ಅಂತ ಟೈಪ್ ಮಾಡಿ, ಎಂಟರ್ ಒತ್ತಬೇಡಿ, ಕೆಳಗೆ ಬರೋ ಸಜೆಷನ್ ಓದಿ, ಅವೆಲ್ಲಾ ಜನ ನಿಜವಾಗ್ಲೂ ಹುಡುಕ್ತಿರೋದು. ಹಾಗೆ ಇಳೀತಾ ಹೋದ್ರೆ ಫ್ರಂಟ್ ಲೋಡ್ ಮಷೀನ್ ಯಾಕೆ ವಾಸನೆ ಬರುತ್ತೆ ಅನ್ನೋ ಹಂತಕ್ಕೆ ಬರ್ತೀರ. ಇದು ಟಾಪಿಕ್. ಬಾಗಿಲ ಸುತ್ತ ಇರೋ ರಬ್ಬರ್ ಮಡಿಕೇಲಿ ನೀರು ನಿಂತು ಫಂಗಸ್ ಬರುತ್ತೆ, ಡಿಟರ್ಜೆಂಟ್ ಜಾಸ್ತಿ ಹಾಕಿದ್ರೆ ಒಳಗೆ ಪದರ ಕಟ್ಟುತ್ತೆ, ಒಗೆದ ಕೂಡ್ಲೇ ಬಾಗಿಲು ಮುಚ್ಚಿದ್ರೆ ತೇವ ಒಣಗಲ್ಲ, ಮೂರು ಕಾರಣ ಮೂರು ಪ್ಯಾರಾ. ರಿಪೇರಿಯವರು, ಕ್ಲೀನಿಂಗ್ ಸರ್ವೀಸ್‌ನವರು, ಡಿಟರ್ಜೆಂಟ್ ಮಾರೋರು ಮೂವರಿಗೂ ಬೇಕಾದ್ದು. ಬರೆಯೋಕೆ ಮುಂಚೆ ನಮ್ಮನೆ ಮಷೀನ್‌ನ ರಬ್ಬರ್ ಎತ್ತಿ ನೋಡಿದೆ, ಕಪ್ಪು ಕಲೆ ಜೊತೆ ಎಷ್ಟು ದಿನದಿಂದಲೋ ಕಳೆದುಹೋಗಿದ್ದ ಒಂದು ಕಾಲುಚೀಲ ಸಿಕ್ತು, ಆರ್ಟಿಕಲ್‌ನ ಅಲ್ಲಿಂದಲೇ ಶುರು ಮಾಡಿದೆ, ಅದು ಎರಡೇ ವಾರಕ್ಕೆ ಹೋಯ್ತು.

ಇಂಥ ಸ್ವಂತ ಅನುಭವ ಬರೀ ಅಲಂಕಾರ ಅಲ್ಲ. ಒಂದು ಕಾಲದಲ್ಲಿ ಏನು ಗೀಚಿದ್ರೂ ಗೂಗಲ್‌ನಲ್ಲಿ ಮೇಲೆ ಬರ್ತಿತ್ತು, 2011ರಲ್ಲಿ ಗೂಗಲ್ ಕಳಪೆ ಬರಹಾನ ಕೆಳಗೆ ತಳ್ಳೋಕೆ ತಂದ ಪಾಂಡಾ ಅಪ್‌ಡೇಟ್ ಆದ್ಮೇಲೆ ರಾಶಿ ರಾಶಿ ಬರೆಸ್ತಿದ್ದ ಸೈಟ್‌ಗಳು ಮಲಗಿದ್ವು. 2022ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ರೇಟರ್‌ಗಳ (ಸರ್ಚ್ ರಿಸಲ್ಟ್ ಎಷ್ಟು ಚೆನ್ನಾಗಿದೆ ಅಂತ ನೋಡಿ ಹೇಳೋರು) ಗೈಡ್‌ಲೈನ್‌ಗೆ ಎಕ್ಸ್‌ಪೀರಿಯೆನ್ಸ್ ಅನ್ನೋದನ್ನೂ ಸೇರಿಸ್ತು, ಅಂದ್ರೆ ಬರೆದೋರು ಅದನ್ನ ಮಾಡಿ ನೋಡಿದ್ದಾರಾ ಅಂತ. ತಗೊಳ್ಳೋರಿಗೂ ಇದು ಗೊತ್ತು. ಹಾಗಾಗಿ ನೀವು ಮಾಡಿದ ಕೆಲಸ, ಸಾಕಿದ ನಾಯಿ, ಸೋತ ಬಿಸಿನೆಸ್ ಮೊದಲು ಲಿಸ್ಟ್‌ಗೆ ಬರಲಿ. ಔಷಧಿ, ಸಾಲ, ಇನ್ವೆಸ್ಟ್‌ಮೆಂಟ್ ಥರದ್ದು ಮಾತ್ರ ನೀವು ನರ್ಸೋ ಅಕೌಂಟೆಂಟೋ ಆಗಿದ್ರೆ ಮುಟ್ಟಿ. ಆಗಿದ್ರೆ ಬಿಡ್ಲೇಬೇಡಿ, ಅಲ್ಲಿ ರೇಟೂ ಚೆನ್ನಾಗಿರುತ್ತೆ.

ಆಮೇಲೆ ಒಂದು ವಿಷಯಾನ ಜನ ಯಾವಾಗ ಜಾಸ್ತಿ ಹುಡುಕಿದ್ರು ಅಂತ ಗೆರೆ ಎಳೆದು ತೋರಿಸೋ ಗೂಗಲ್ ಟ್ರೆಂಡ್ಸ್‌ನಲ್ಲಿ ನಿಮ್ಮ ಟಾಪಿಕ್‌ಗೆ ಐದು ವರ್ಷದ್ದು ಹಾಕಿ ನೋಡಿ. ಅಲ್ಲಿ ಬರೋ 0ಯಿಂದ 100 ಅನ್ನೋದು ಎಷ್ಟು ಜನ ಹುಡುಕಿದ್ರು ಅನ್ನೋ ಲೆಕ್ಕ ಅಲ್ಲ, ಆ ಅವಧೀಲಿ ಅತಿ ಹೆಚ್ಚು ಆಸಕ್ತಿ ಇದ್ದ ಸಮಯ 100, ಉಳಿದದ್ದು ಅದಕ್ಕೆ ಹೋಲಿಸಿ ಅಷ್ಟೆ, ತುಂಬಾ ಜನ ಇಲ್ಲೇ ಎಡವೋದು. ಗೆರೆ ಸಮವಾಗಿದ್ರೆ ಯಾವಾಗ ಬೇಕಾದ್ರೂ ಮಾರಬಹುದು. ವರ್ಷಕ್ಕೊಂದು ಗುಡ್ಡ ಎದ್ದಿದ್ರೆ ಸೀಸನ್ ಟಾಪಿಕ್, ಎರಡು ಮೂರು ತಿಂಗಳು ಮೊದ್ಲೇ ಹಾಕ್ಬೇಕು, ಪ್ರಿಂಟ್ ಮ್ಯಾಗಜೀನ್‌ಗಾದ್ರೆ ಇನ್ನೂ ಮುಂಚೆ. ಒಂದೇ ಸಲ ಜಿಗಿದು ಬಿದ್ದಿದ್ರೆ ಬೇಡ. ಹೊಸ ಫೋನ್ ಬಂತು ಅಂತ ಬರೆದ್ರೆ ಎಡಿಟರ್ ಅಪ್ರೂವ್ ಮಾಡೋ ಹೊತ್ತಿಗೆ ಅದು ಹಳೇ ಫೋನ್.

ಗೂಗಲ್‌ನಲ್ಲಿ ಆ ಟಾಪಿಕ್‌ಗೆ ಬರೋ ಮೊದಲ ಹತ್ತು ರಿಸಲ್ಟ್ ಓದದೇ ಬರೆಯೋಕೆ ಕೂರಬೇಡಿ. ಬೇಜಾರಿನ ಕೆಲಸ, ಆದ್ರೆ ಹತ್ತೂ ಜನ ಬಿಟ್ಟಿರೋ ಒಂದು ಪ್ರಶ್ನೆ ಇದ್ದೇ ಇರುತ್ತೆ. ಐಡಿಯಾಗೆ, ಮಾಹಿತಿಗೆ ಕಾಪಿರೈಟ್ ಇಲ್ಲ, ಬರೆದ ವಾಕ್ಯಕ್ಕಿದೆ, ಅದಕ್ಕೆ ಅವರ ಸಾಲನ್ನೇ ಹಿಂದೆ ಮುಂದೆ ಮಾಡಿ ಹಾಕೋಕೆ ಹೋಗ್ಬೇಡಿ, ಕಾಪಿ ಹೊಡೆದಿದ್ದನ್ನ ಹಿಡಿಯೋ ಕಾಪಿಸ್ಕೇಪ್ ಥರದ ಸೈಟ್‌ನಲ್ಲಿ ಚೆಕ್ ಮಾಡೇ ದುಡ್ಡು ಕೊಡೋರಿದ್ದಾರೆ.

ಇನ್ನೊಂದು, ಫುಲ್ ರೈಟ್ಸ್ ಕೊಟ್ಟು ಮಾರಿದ್ರೆ ಆ ಆರ್ಟಿಕಲ್‌ನ ಮತ್ತೆ ಮಾರೋಕೆ ಬರಲ್ಲ, ಆದ್ರೆ ನೀವು ಓದಿ ತಿಳ್ಕೊಂಡಿದ್ದು ನಿಮ್ಮ ಹತ್ರಾನೇ ಇರುತ್ತೆ. ಮಷೀನ್ ವಾಸನೆಗೆ ಅಂತ ಓದಿದ್ರಲ್ಲೇ ಸೆಕೆಂಡ್ ಹ್ಯಾಂಡ್ ಮಷೀನ್ ತಗೊಳ್ಳೋವಾಗ ಎಲ್ಲಿ ಬೆರಳಿಟ್ಟು ನೋಡ್ಬೇಕು ಅಂತ ಇನ್ನೊಂದು ಬರೆದೆ, ಒಂದು ಸಾಲೂ ಹಳೇದು ಬಳಸದೆ. ನನ್ನ ಆ ಟೈಮ್ ಮ್ಯಾನೇಜ್‌ಮೆಂಟ್ ಆರ್ಟಿಕಲ್‌ನೂ ಕೊನೆಗೆ ಬಿಚ್ಚಿ ಹೊಸದಾಗಿ ಬರೆದೆ, ಮನೇಲಿ ಮ್ಯೂಸಿಕ್ ಕ್ಲಾಸ್ ನಡೆಸೋರು ಕೊನೇ ಗಳಿಗೇಲಿ ಬರಲ್ಲ ಅನ್ನೋ ಸ್ಟೂಡೆಂಟ್ಸ್‌ನ ಹೇಗೆ ಸಂಭಾಳಿಸ್ಬೇಕು ಅಂತ. ಅದನ್ನ ತಗೊಂಡಿದ್ದು ಒಂದು ಬುಕಿಂಗ್ ಆಪ್‌ನವರು.