ಮಾದರಿ ರೈಲಿಗೆ ಕಂಟ್ರೋಲ್ ಪ್ಯಾನೆಲ್: ನಾನು ಕಟ್ಟಿದ ಬಗೆ

ನನ್ನ ಲೇಔಟ್, ಅಂದರೆ ಹಲಗೆಯ ಮೇಲೆ ಹಾಕಿದ ಮಾದರಿ ರೈಲು ಹಳಿಗಳ ಜಾಲ, ಎಚ್‌ಒ ಅಳತೆಯದು. ಅಂದರೆ 1:87, ಹಳಿಗಳ ನಡುವೆ 16.5 ಮಿ.ಮೀ. ಒಂದು ಮೇನ್ ಲೈನ್, ಒಂದು ಲೂಪ್ (ಅದರಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಲೈನ್), ನಾಲ್ಕು ಲೈನಿನ ಗೂಡ್ಸ್ ಯಾರ್ಡ್. ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) 5, ಬೇರೆಬೇರೆಯಾಗಿ ಕರೆಂಟ್ ಕೊಡಬಹುದಾದ ಸೆಕ್ಷನ್ 6, ಗಾಡಿಯ ವೇಗ, ದಿಕ್ಕು ಬದಲಿಸುವ ಡಿ.ಸಿ. ಕಂಟ್ರೋಲರ್ 2. ಇವನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಸ್ವಿಚ್, ಬಟನ್, ದೀಪಗಳಿಗೆ 450 × 200 ಮಿ.ಮೀ. ಪ್ಯಾನೆಲ್ ಧಾರಾಳವಾಯಿತು.

ಮೊದಲು ನಕ್ಷೆ. ಗಾಡಿ ಓಡಿಸುವಾಗ ನಾವು ಎಲ್ಲಿ ನಿಲ್ಲುತ್ತೇವೋ ಅಲ್ಲಿಂದ ಕಾಣುವ ಹಾಗೆಯೇ ಬರೆಯಬೇಕು. ಎಡಗಡೆಯ ಪಾಯಿಂಟ್ ಪ್ಯಾನೆಲ್‌ನಲ್ಲೂ ಎಡಕ್ಕೇ ಬರಬೇಕು. ತಿರುವುಗಳನ್ನು ನೇರ ಮಾಡಿದರೆ ತೊಂದರೆಯಿಲ್ಲ, ಕ್ರಮ ಮಾತ್ರ ಬದಲಾಗಕೂಡದು. ನಕ್ಷೆಯನ್ನು ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಸ್ವಿಚ್ ಚುಚ್ಚಿ ಬೆರಳಾಡಿಸಿ ನೋಡಿದೆ. ಎರಡು ಟಾಗಲ್‌ಗಳ (ಕಡ್ಡಿಯನ್ನು ಮೇಲೆ ಕೆಳಗೆ ಮಾಡುವ ಸ್ವಿಚ್) ನಡುವೆ 25 ಮಿ.ಮೀ. ಇಲ್ಲದಿದ್ದರೆ ಒಂದನ್ನು ಒತ್ತುವಾಗ ಪಕ್ಕದ್ದಕ್ಕೂ ಕೈ ತಾಗುತ್ತದೆ.

ಪ್ಯಾನೆಲ್‌ನ ಹಾಳೆಗೆ 3 ಮಿ.ಮೀ. ಎ.ಸಿ.ಪಿ. (ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಹಾಳೆ) ಬಳಸಿದೆ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಇದರ ತುಂಡುಗಳು ಮಿಕ್ಕಿರುತ್ತವೆ, ನಕ್ಷೆಯನ್ನು ವಿನೈಲ್ ಸ್ಟಿಕ್ಕರ್ ಮೇಲೆ ಪ್ರಿಂಟ್ ಮಾಡಿ ಮ್ಯಾಟ್ ಲ್ಯಾಮಿನೇಷನ್ ಹಾಕಿ ಅಲ್ಲೇ ಅಂಟಿಸಿಕೊಡುತ್ತಾರೆ. ಅಕ್ರಿಲಿಕ್ ನೋಡಲು ಚೆಂದ, ಆದರೆ ಡ್ರಿಲ್ ಬಿಟ್ ಆಚೆ ಹೊರಡುವ ಕ್ಷಣದಲ್ಲಿ ಸೀಳಿಬಿಡುತ್ತದೆ. ಟಾಗಲ್‌ಗೆ ಮೊದಲು 3 ಮಿ.ಮೀ. ತೂತು, ಆಮೇಲೆ 6.5ಕ್ಕೆ ದೊಡ್ಡದು ಮಾಡುವುದು. 3 ಮಿ.ಮೀ. ಎಲ್‌ಇಡಿಗೆ 3.2ರ ಬಿಟ್. ಅಡಿಯಲ್ಲಿ ಮರದ ತುಂಡು ಇರಲೇಬೇಕು, ಇಲ್ಲವಾದರೆ ಸ್ಟಿಕ್ಕರ್ ಎದ್ದು ಬರುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಪಾಯಿಂಟ್ ತಿರುಗಿಸುವ ಮೋಟರ್‌ಗಳ ವಿಷಯದಲ್ಲಿ. ನನ್ನವು ಎರಡು ಕಾಯಿಲ್‌ನ ಸೊಲೆನಾಯ್ಡ್ ಮೋಟರ್‌ಗಳು (ಒಂದು ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಪಾಯಿಂಟ್ ಒಂದು ಕಡೆಗೆ, ಇನ್ನೊಂದಕ್ಕೆ ಕೊಟ್ಟರೆ ಇನ್ನೊಂದು ಕಡೆಗೆ ಎಳೆಯುತ್ತದೆ), ಒಂದು ಕಾಯಿಲ್‌ನ ರೆಸಿಸ್ಟೆನ್ಸ್ ಸುಮಾರು 4 ಓಮ್. ಅದಕ್ಕೆ ನೇರ ಸಪ್ಲೈ ಕೊಟ್ಟು ಬಟನ್ ಮೇಲೆ ಬೆರಳು ಎರಡು ಕ್ಷಣ ಹೆಚ್ಚು ನಿಂತರೂ ಕಾಯಿಲ್ ಸುಟ್ಟ ವಾಸನೆ ಬರುತ್ತದೆ. ಹಾಗಾಗಿ ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ (ಕೆಪಾಸಿಟರ್‌ನಲ್ಲಿ ಚಾರ್ಜ್ ತುಂಬಿಟ್ಟು ಒಮ್ಮೆಗೇ ಬಿಡುವ ಸರ್ಕ್ಯೂಟ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ನನ್ನದು ತೀರಾ ಸರಳ: 24 ವೋಲ್ಟ್ 1 ಆಂಪಿಯರ್ ಡಿ.ಸಿ. ಸಪ್ಲೈ, ಅದರಿಂದ 100 ಓಮ್ 10 ವ್ಯಾಟ್ ರೆಸಿಸ್ಟರ್ ಮೂಲಕ 4700 ಮೈಕ್ರೋಫ್ಯಾರಡ್, 35 ವೋಲ್ಟ್‌ನ ಎರಡು ಕೆಪಾಸಿಟರ್‌ಗಳು ಪ್ಯಾರಲಲ್‌ನಲ್ಲಿ. ಬಟನ್ ಒತ್ತಿದಾಗ ತುಂಬಿದ ಚಾರ್ಜ್ ಒಂದೇ ಏಟಿಗೆ ಕಾಯಿಲ್‌ಗೆ ಹೋಗುತ್ತದೆ, ಪಾಯಿಂಟಿನ ಸರಿದಾಡುವ ತುಂಡು, ಅಂದರೆ ಬ್ಲೇಡ್, ಟಕ್ಕನೆ ಹಳಿಗೆ ಬಡಿಯುತ್ತದೆ. ಬೆರಳು ತೆಗೆಯುವುದನ್ನು ಮರೆತರೂ ಆಮೇಲೆ ಹರಿಯುವುದು ಕಾಲು ಆಂಪಿಯರ್‌ಗಿಂತ ಕಡಿಮೆ, ಕಾಯಿಲ್ ಬೆಚ್ಚಗೂ ಆಗುವುದಿಲ್ಲ. ಮತ್ತೆ ತುಂಬಲು 3 ಸೆಕೆಂಡು ಕಾಯಬೇಕು. ಕೆಪಾಸಿಟರ್‌ನ ಪ್ಲಸ್ ಮೈನಸ್ ಅದಲು ಬದಲಾದರೆ ಸಿಡಿಯುತ್ತದೆ, ಕರೆಂಟ್ ಕೊಡುವ ಮುನ್ನ ಎರಡು ಸಲ ನೋಡಿ.

ಕೆಪಾಸಿಟರ್ ಎರಡು ಯಾಕೆಂದರೆ, ಯಾರ್ಡಿನ 4ನೇ ಲೈನಿಗೆ ದಾರಿ ಮಾಡಲು ಮೂರು ಪಾಯಿಂಟ್ ಒಟ್ಟಿಗೆ ತಿರುಗಬೇಕು. ಒಂದೇ ಕೆಪಾಸಿಟರ್ ಇದ್ದಾಗ ಮೂರನೆಯ ಪಾಯಿಂಟ್ ಅರ್ಧದಲ್ಲಿ ನಿಲ್ಲುತ್ತಿತ್ತು, ವ್ಯಾಗನ್ ಅಲ್ಲೇ ಹಳಿ ತಪ್ಪುತ್ತಿತ್ತು. ಯಾರ್ಡಿಗೆ ಲೈನಿಗೊಂದರಂತೆ ನಾಲ್ಕು ಬಟನ್, ಯಾವ ಬಟನ್ ಯಾವ ಕಾಯಿಲ್‌ಗಳಿಗೆ ಹೋಗಬೇಕು ಎನ್ನುವುದನ್ನು 1ಎನ್5408 ಡಯೋಡ್ 9 ಹಾಕಿ ಹಂಚಿದೆ: 1ನೇ ಬಟನ್‌ಗೆ ಒಂದು, 2ನೆಯದಕ್ಕೆ ಎರಡು, 3 ಮತ್ತು 4ಕ್ಕೆ ಮೂರು ಮೂರು. ಡಯೋಡ್ ಇಲ್ಲದಿದ್ದರೆ ಕರೆಂಟ್ ಹಿಂದಕ್ಕೆ ಹರಿದು ಬೇಡದ ಕಾಯಿಲ್‌ಗೂ ನುಗ್ಗುತ್ತದೆ.

ಆ ಒಂದು ಏಟಿನಲ್ಲಿ ಮೋಟರ್ ಒಂದಕ್ಕೆ 6 ಆಂಪಿಯರ್ ಹತ್ತಿರ ಹರಿಯುವುದರಿಂದ ಅಗ್ಗದ ಚಿಕ್ಕ ಬಟನ್‌ಗಳ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತದೆ. ಗುರುತು ಸುಲಭ: ಲೇಔಟಿನ ಎಲ್ಲ ಪಾಯಿಂಟ್‌ಗಳೂ ಒಟ್ಟಿಗೆ ಸತ್ತಂತಿರುತ್ತವೆ. ಕೆಪಾಸಿಟರ್ ಮೇಲೆ ಮೀಟರ್ ಇಟ್ಟರೆ 24 ಇರಬೇಕಾದಲ್ಲಿ 2 ವೋಲ್ಟ್ ಕೂಡ ಇರುವುದಿಲ್ಲ. ಮೋಟರ್ ಬಿಚ್ಚಲು ಹೋಗದೆ ಬಟನ್‌ಗಳನ್ನು ಒಂದೊಂದಾಗಿ ಬಿಡಿಸಿ. ಯಾವುದನ್ನು ತೆಗೆದಾಗ ವೋಲ್ಟೇಜ್ ಏರುತ್ತದೋ ಅದೇ ಕಳ್ಳ.

ಸೆಕ್ಷನ್‌ಗಳಿಗೆ ನಡುವೆ ಆಫ್ ಇರುವ ಟಾಗಲ್ 6. ಮೇಲಕ್ಕೆ ಕಂಟ್ರೋಲರ್ ಎ, ಕೆಳಕ್ಕೆ ಬಿ, ನಡುವೆ ಬಿಟ್ಟರೆ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ. ಒಂದು ಹಳಿ ಎಲ್ಲಕ್ಕೂ ಕಾಮನ್, ಇನ್ನೊಂದು ಹಳಿಗೆ ಸೆಕ್ಷನ್ ಗಡಿಯಲ್ಲಿ ಕರೆಂಟ್ ದಾಟಿಸದ ಪ್ಲಾಸ್ಟಿಕ್ ಜಾಯಿನರ್. ಇಲ್ಲಿ ತಪ್ಪುವವರು ಬಹಳ: ಎರಡು ಕಂಟ್ರೋಲರ್‌ಗೂ ಒಂದೇ ಅಡಾಪ್ಟರ್ ಕೊಟ್ಟರೆ, ಒಂದು ಗಾಡಿ ಮುಂದಕ್ಕೆ ಇನ್ನೊಂದು ಹಿಂದಕ್ಕೆ ಹೊರಟ ಕೂಡಲೇ ಕಾಮನ್ ಹಳಿಯ ಮೂಲಕ ಶಾರ್ಟ್ ಆಗುತ್ತದೆ. ಒಂದೊಂದಕ್ಕೂ ಬೇರೆ ಅಡಾಪ್ಟರ್ ಬೇಕು.

ನಮ್ಮ ರೈಲ್ವೆಯ ಪ್ಯಾನೆಲ್‌ಗಳಲ್ಲಿ ರೂಟ್ ಸೆಟ್ ಆದರೆ ಬಿಳಿ ದೀಪದ ಸಾಲು, ಗಾಡಿ ಬಂದರೆ ಕೆಂಪು. ಅದನ್ನೇ ಅನುಸರಿಸಿ ಪಾಯಿಂಟ್ ಯಾವ ಕಡೆಗಿದೆ ಎಂದು ತೋರಿಸಲು ಒಂದೊಂದಕ್ಕೂ ಒಂದು ಜೋಡಿಯಂತೆ ಬಿಳಿ ಎಲ್‌ಇಡಿ 10 ಹಾಕಿದೆ, ಕೆಂಪನ್ನು ಮುಂದಕ್ಕೆ ಉಳಿಸಿಕೊಂಡೆ. ದೀಪ ಹತ್ತುವುದು ಮೋಟರಿಗೆ ಜೋಡಿಸಿದ ಸ್ವಿಚ್‌ನಿಂದ, ಬಟನ್‌ನಿಂದ ಅಲ್ಲ. ಪಾಯಿಂಟ್ ನಿಜವಾಗಿ ತಿರುಗಿದೆಯೋ ಇಲ್ಲವೋ ಗೊತ್ತಾಗಬೇಕಲ್ಲ. ಜೋಡಿಯಲ್ಲಿ ಒಂದು ಸಲಕ್ಕೆ ಒಂದೇ ಹತ್ತುವುದರಿಂದ ಎರಡಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಕು. 12 ವೋಲ್ಟ್‌ಗೆ 1 ಕಿಲೋ ಓಮ್ ಹಾಕಿದರೆ ಕಣ್ಣು ಕುಕ್ಕುತ್ತದೆ, 4.7 ಕಿಲೋ ಓಮ್ ಹಿತವಾಗಿದೆ.

ವೈರಿಂಗ್‌ನಲ್ಲಿ ಎಲ್‌ಇಡಿಗೆ 7/0.2 (0.2 ಮಿ.ಮೀ. ದಪ್ಪದ 7 ಎಳೆ), ಮೋಟರ್ ಮತ್ತು ಹಳಿಗೆ 16/0.2 ಮಲ್ಟಿಸ್ಟ್ರಾಂಡ್. ಮೂರು ಮೀಟರ್ ದೂರದ ಮೋಟರಿಗೆ ತೆಳು ವೈರ್ ಎಳೆದರೆ ಹೋಗಿ ಬರುವ ದಾರಿಯಲ್ಲೇ ಅರ್ಧ ಓಮ್ ಸೇರಿಕೊಳ್ಳುತ್ತದೆ. 4 ಓಮ್ ಕಾಯಿಲ್‌ಗೆ ಅದು ಸಣ್ಣ ನಷ್ಟವಲ್ಲ. ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಫೆರೂಲ್ (ನಂಬರ್ ಬರೆದ ಪುಟ್ಟ ಪ್ಲಾಸ್ಟಿಕ್ ಕೊಳವೆ) ಹಾಕಿ, ಅದೇ ನಂಬರನ್ನು ಟರ್ಮಿನಲ್ ಸ್ಟ್ರಿಪ್ ಮೇಲೆ ಬರೆದೆ. ಟಾಗಲ್‌ಗೆ ಬೆಸುಗೆ ಹಾಕುವಾಗ ಅದರ ಲೋಹದ ಕಾಲಿನ ಮೇಲೆ ಬೆಸುಗೆ ಐರನ್ 3 ಸೆಕೆಂಡು ಮೀರಬಾರದು, ಒಳಗಿನ ಪ್ಲಾಸ್ಟಿಕ್ ಕರಗಿ ಕಾಲು ಅಲ್ಲಾಡತೊಡಗುತ್ತದೆ. ಹಾಳೆಯ ಕೆಳ ಅಂಚಿಗೆ ಹಿಂಜ್ ಇದೆ. ವೈರ್ ಕಟ್ಟನ್ನು ಹಿಂಜ್‌ಗೆ ಅಡ್ಡವಾಗಿ ದಾಟಿಸದೆ, ಅದರ ಉದ್ದಕ್ಕೆ ಒಂದು ಗೇಣು ಸಾಗಿಸಿ ಆಚೆ ಕ್ಲಿಪ್ ಹಾಕಿದೆ. ಹೀಗಾದರೆ ಪ್ಯಾನೆಲ್ ತೆರೆದಾಗ ವೈರ್ ತಿರುಚಿಕೊಳ್ಳುತ್ತದೆ, ಮಡಚಿ ತುಂಡಾಗುವುದಿಲ್ಲ. 230 ವೋಲ್ಟ್ ಮಾತ್ರ ಈ ಪೆಟ್ಟಿಗೆಯೊಳಗೆ ಎಲ್ಲೂ ಬರಕೂಡದು, ಅಡಾಪ್ಟರ್‌ಗಳೆಲ್ಲ ಹೊರಗೇ ಇರಲಿ.