ವೈನ್ ಮುಟ್ಟದ ಅಪ್ಪ–ಅಮ್ಮನ ಜೊತೆ ಮಿಡಲ್‌ಬರ್ಗ್

ವಾಷಿಂಗ್ಟನ್ ಡಿ.ಸಿ. ಹತ್ತಿರದ ಆಶ್‌ಬರ್ನ್, ಶಾಂಟಿಲಿ ಕಡೆ ಇರುವ ನಮ್ಮ ಕನ್ನಡದವರಿಗೆ ವರ್ಜೀನಿಯಾದ ಮಿಡಲ್‌ಬರ್ಗ್, ಕುದುರೆಗೂ ವೈನರಿಗೂ ಹೆಸರಾದ ಪುಟ್ಟ ಊರು, ಹೊಸದೇನಲ್ಲ. ರೂಟ್ 50 ಹಿಡಿದರೆ ಮುಕ್ಕಾಲು ಗಂಟೆ ಸಾಕು. ಆದರೆ ಊರಿಂದ ಬಂದ ಅಪ್ಪ–ಅಮ್ಮನನ್ನು ಯಾರೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಲ್ಯಾನ್‌ಹಮ್ ದೇವಸ್ಥಾನ, ಡಿ.ಸಿ., ಲೂರೇ ಗುಹೆ, ನಯಾಗರಾ, ಅಲ್ಲಿಗೆ ಮುಗೀತು. ನಾನು ಮಿಡಲ್‌ಬರ್ಗ್ ಅಂದಾಗ ಗೆಳೆಯರೆಲ್ಲ ನಕ್ಕರು. ಕುಡಿಯದವರಿಗೆ ವೈನರಿ ತೋರಿಸ್ತೀಯಾ ಮಾರಾಯ ಅಂತ.

ನಗುವುದಕ್ಕೆ ಕಾರಣವೂ ಇತ್ತು. ಅದರ ಹಿಂದಿನ ವರ್ಷ ಅತ್ತೆ–ಮಾವನನ್ನು ಅಕ್ಟೋಬರಿನ ಒಂದು ಶನಿವಾರ, ಎಲ್ಲರೂ ಮಾಡುವ ಹಾಗೆ, ನೇರ ಒಂದು ವೈನರಿಗೆ ಕರೆದೊಯ್ದಿದ್ದೆವು. ಟೇಸ್ಟಿಂಗ್, ಅಂದರೆ ಒಂದಿಷ್ಟು ವೈನ್‌ಗಳ ರುಚಿ ನೋಡುವುದು, ತಲೆಗೆ ಇಪ್ಪತ್ತು–ಇಪ್ಪತ್ತೈದು ಡಾಲರ್. ಕುಡಿಯದವರ ಕುರ್ಚಿಗೂ ಬುಕಿಂಗ್ ದುಡ್ಡು. ಹೊರಗಿನ ತಿಂಡಿ ಬಿಡಲಿಲ್ಲ, ಹಾಗಾಗಿ ಚೀಸ್ ತಟ್ಟೆಗೆ ಮತ್ತೆ ಮೂವತ್ತು ಚಿಲ್ಲರೆ. ಟಿಪ್ ಸೇರಿ ನೂರೈವತ್ತರ ಹತ್ತಿರ ಹೋಯಿತು. ಊರೊಳಗೆ ಬರುವಷ್ಟರಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಅಂಗಡಿಗಳು ಬಾಗಿಲು ಹಾಕುತ್ತಿದ್ದವು. "ಇಷ್ಟು ದೂರ ಬಂದು ಬಿಸ್ಕತ್ತು ತಿಂದ್ವಿ" ಅಂದರು ಮಾವ.

ಈ ಸಲ ಪೂರ್ತಿ ತಿರುಗಿಸಿದೆ. ಕುದುರೆ ಮೊದಲು, ವೈನ್ ಕೊನೆಗೆ. ಏಪ್ರಿಲ್ ಶುರು, ವಾರದ ಮಧ್ಯೆ, ಬೆಳಿಗ್ಗೆ ಬೇಗ. ಡಬ್ಬಿಯಲ್ಲಿ ಪುಳಿಯೋಗರೆ.

ನಮ್ಮಪ್ಪ ಕುಣಿಗಲ್ ಕಡೆಯವರು. ಅಲ್ಲಿನ ಕುದುರೆ ಸಾಕುವ ಸ್ಟಡ್ ಫಾರಂ ಬೇಲಿ ಪಕ್ಕ ಓಡಾಡಿ ಬೆಳೆದವರು. ಅವರಿಗೆ ವೈಟ್ ಹೌಸ್ ತೋರಿಸಿದರೆ "ಹ್ಞೂಂ" ಅಂದಿದ್ದರು, ಅಷ್ಟೇ. ಮಿಡಲ್‌ಬರ್ಗಿನಲ್ಲಿ ಕುದುರೆ ಸವಾರಿ, ಬೇಟೆಯ ಪುಸ್ತಕಗಳಿರುವ ನ್ಯಾಷನಲ್ ಸ್ಪೋರ್ಟಿಂಗ್ ಲೈಬ್ರರಿ ಮುಂದಿನ ಕಂಚಿನ ಕುದುರೆಯ ಎದುರು ಮಾತ್ರ ಅಲ್ಲಾಡಲೇ ಇಲ್ಲ. ತಲೆ ಬಗ್ಗಿಸಿ ನಿಂತ, ಪಕ್ಕೆಲುಬು ಕಾಣುವ, ದಣಿದ ಕುದುರೆ ಅದು. ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ, ಗಾಯಗೊಂಡ 15 ಲಕ್ಷ ಕುದುರೆ, ಹೇಸರಗತ್ತೆಗಳ ನೆನಪಿಗೆ ನಿಲ್ಲಿಸಿದ್ದು. ಆಲ್ಡಿ, ಮಿಡಲ್‌ಬರ್ಗ್, ಅಪ್ಪರ್‌ವಿಲ್ ಕಾಳಗಗಳು ನಡೆದದ್ದು ಇದೇ ರೂಟ್ 50ರ ಉದ್ದಕ್ಕೂ, 1863ರ ಜೂನ್‌ನಲ್ಲಿ. ರಾಜರ ಕುದುರೆಗಳ ಪ್ರತಿಮೆ ಎಷ್ಟೋ ನೋಡಿದ್ದೀನಿ, ಸೋತ ಕುದುರೆಗೆ ಮಾಡಿದ್ದು ಇದೇ ಮೊದಲು ಅಂದರು ಅಪ್ಪ. ನಾನು ಗೆದ್ದೆ ಅಂತ ಆಗಲೇ ಗೊತ್ತಾಯಿತು.

ಊರು ಅಂದರೆ ಒಂದೇ ಬೀದಿ. 1787ರಲ್ಲಿ ಹುಟ್ಟಿದ್ದು, ಇವತ್ತಿಗೂ ಸಾವಿರ ಜನ ಇಲ್ಲ. ರೆಡ್ ಫಾಕ್ಸ್ ಇನ್ ಅನ್ನುವ ಕಲ್ಲಿನ ಹೋಟೆಲು ಅದಕ್ಕಿಂತ ಹಳೆಯದು, 1728 ಅಂತಾರೆ. ಅಂಗಡಿಗಳಲ್ಲಿ ಬೆಲೆ ನೋಡಿ ಅಮ್ಮ ಮುಟ್ಟಿದ್ದನ್ನೆಲ್ಲ ಹಾಗೇ ಇಟ್ಟರು. ಒಂದು ಗಂಟೆ ಸಾಕು, ಜಾಸ್ತಿ ಬೇಡ.

ನಿಜವಾದ ಮಜಾ ಮಣ್ಣಿನ ರಸ್ತೆಗಳಲ್ಲಿದೆ. ಮಿಡಲ್‌ಬರ್ಗ್ ಇರುವ ಲೌಡನ್ ಕೌಂಟಿಯಲ್ಲಿ ಟಾರು ಕಾಣದ ಜಲ್ಲಿ ರಸ್ತೆಗಳು ನೂರಾರು ಮೈಲಿ ಉಳಿದಿವೆ. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ಅದರಾಚೆ ತಾಯಿ ಕುದುರೆ, ಮರಿ. ಸವಾರರು ಎದುರಾದರೆ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹಾರ್ನ್ ಅಂತೂ ಬೇಡವೇ ಬೇಡ. ಹಾಗೆ ನಿಂತದ್ದಕ್ಕೇ ಒಬ್ಬಾಕೆ ಮಾತಿಗೆ ಸಿಕ್ಕರು, ಅಪ್ಪ ಕುದುರೆಯ ಕುತ್ತಿಗೆ ಸವರಿದರು. ಯಾವ ರಸ್ತೆ ಅಂತ ಹೇಳಲ್ಲ. ಹೇಳಿದರೆ ಮುಂದಿನ ವಾರವೇ ಅಲ್ಲಿ ಹತ್ತು ಮಿನಿವ್ಯಾನ್ ನಿಂತಿರುತ್ತವೆ.

ಊಟ ಗೂಸ್ ಕ್ರೀಕ್ ಅನ್ನುವ ಹೊಳೆಯ ಹಳೇ ಸೇತುವೆ ಹತ್ತಿರ. ನಾಲ್ಕು ಕಮಾನಿನ ಕಲ್ಲಿನ ಸೇತುವೆ, ಇನ್ನೂರು ವರ್ಷ ದಾಟಿದೆ, ಈಗ ವಾಹನ ಓಡಾಡಲ್ಲ, ಟಿಕೆಟ್ ಇಲ್ಲ. ಟಾಯ್ಲೆಟ್ ಮಾತ್ರ ಊರಲ್ಲೇ ಮುಗಿಸಿಕೊಂಡು ಬನ್ನಿ. ವಯಸ್ಸಾದವರ ಜೊತೆ ಇದು ಮರೆತರೆ ಇಡೀ ದಿನ ಹಾಳು.

ಆಮೇಲೆ ವೈನರಿ, ಒಂದೇ ಒಂದು ಟೇಸ್ಟಿಂಗ್, ಅದೂ ನನಗೆ, ಗುಟುಕು ಗುಟುಕಾಗಿ. ಡ್ರೈವಿಂಗ್ ಹೆಂಡತಿಯದು. ವಾರದ ಮಧ್ಯೆ ಬುಕಿಂಗ್ ಕೇಳುವವರೇ ಇರಲಿಲ್ಲ. ಅಲ್ಲಿ ನಾರ್ಟನ್ ದ್ರಾಕ್ಷಿಯ ವೈನ್ ಕೇಳಿ. 1820ರ ದಶಕದಲ್ಲಿ ರಿಚ್‌ಮಂಡ್‌ನ ಡಾಕ್ಟರೊಬ್ಬರು ಬೆಳೆಸಿದ ತಳಿ, ಫ್ರಾನ್ಸ್‌ನಿಂದ ತಂದದ್ದಲ್ಲ. ನಮ್ಮ ಬೆಂಗಳೂರು ಬ್ಲೂ ಥರಾನೇ ಕಪ್ಪು, ದಪ್ಪ ಸಿಪ್ಪೆ ಅಂತ ನಾನು ಹೇಳಿದ್ದೇ ತಪ್ಪಾಯಿತು. ಬಳ್ಳಿ ಸವರಿ ಬಿಸಾಕಿದ್ದ ಕಡ್ಡಿಗಳನ್ನು ಅಪ್ಪ ಕೇಳಿ ತಂದು ಹಿತ್ತಲಲ್ಲಿ ನೆಟ್ಟರು. ಒಂದೂ ಚಿಗುರಲಿಲ್ಲ. ಈ ತಳಿ ಕಡ್ಡಿಯಿಂದ ಬೇರು ಬಿಡುವುದು ಬಹಳ ಕಷ್ಟವಂತೆ, ನರ್ಸರಿಯವರು ಆಮೇಲೆ ಹೇಳಿದರು. ಇಪ್ಪತ್ತು ಡಾಲರ್ ಆಸುಪಾಸು ಕೊಟ್ಟು ಗಿಡ ತಂದೆ. ಅದು ಬದುಕಿದೆ, ಎಲೆಯನ್ನು ಜಪಾನೀಸ್ ಜೀರುಂಡೆ ತಿನ್ನುತ್ತಿದೆ.

ಒಟ್ಟು ಖರ್ಚು ಪೆಟ್ರೋಲ್, ಕಾಫಿ ಸೇರಿ ಅರವತ್ತು ಡಾಲರ್ ದಾಟಿರಲಿಕ್ಕಿಲ್ಲ. ನಕ್ಕವರಲ್ಲಿ ಒಬ್ಬ ಈಗ ತನ್ನ ಅಪ್ಪ–ಅಮ್ಮನಿಗೆ ಅಂತ ರೂಟ್ ಕೇಳಿದ್ದಾನೆ. ಸೇತುವೆಯ ಲೊಕೇಶನ್ ಕಳಿಸಿದೆ. ಜೂನ್‌ನಲ್ಲಾದರೆ ಅಪ್ಪರ್‌ವಿಲ್ ಕುದುರೆ ಪ್ರದರ್ಶನವನ್ನೂ ಸೇರಿಸಿಕೋ ಅಂದೆ, 1853ರಿಂದ ನಡೆಯುತ್ತಿರುವುದು, ವಾರದ ದಿನಗಳಲ್ಲೂ ಇರುತ್ತದೆ. ಮಣ್ಣಿನ ರಸ್ತೆ ಯಾವುದು ಅಂತ ಇನ್ನೂ ಕೇಳುತ್ತಲೇ ಇದ್ದಾನೆ.